ಡೈರಿ ಮುಂದಿನ ಐನೂರು ಮೀಟರ್

ಹೋದ ತಿಂಗಳು ಹೋಳೂರಿನಿಂದ ಒಳಗೆ ಮೂರು ಕಿಲೋಮೀಟರ್ ದೂರದ ನನ್ನ ಹಳೆಯ ಸ್ಕೂಲಿಗೆ ಹೋಗಬೇಕಾಗಿ ಬಂತು. ಯಾವುದೋ ಹಳೇ ಕಡತಕ್ಕೆ ನನ್ನ ಸಹಿ ಬೇಕಿತ್ತಂತೆ. ಈಗ ನಾನಿರುವುದು ಗೌನಿಪಲ್ಲಿ ಕಡೆ. ಎರಡು ಬಸ್ಸು ಬದಲಾಯಿಸಿ, ಮೂರನೆಯದಕ್ಕೆ ಕಾಯಲಾರದೆ ಆಟೋ ಹತ್ತಿ ಬಂದೆ. ಊರ ಬಾಗಿಲಲ್ಲಿ ಇಳಿದಾಗ ಯಾರದೋ ಹುಳದ ಮನೆಯ ಕಿಟಕಿಯಿಂದ ವಾಸನೆ ಬಂತು. ರೇಷ್ಮೆ ಹುಳ ಸಾಕುವವರಿಗೆ ಅದು ವಾಸನೆಯೇ ಅಲ್ಲ. ಹೊರಗಿನವರಿಗೆ ಹೇಗೆ ಹೇಳುವುದು? ಹಿಪ್ಪುನೇರಳೆ ಸೊಪ್ಪು, ಸುಣ್ಣದ ಪುಡಿ, ಹುಳದ ಹಿಕ್ಕೆ, ಮೂರೂ ಬೆರೆತ ಬೆಚ್ಚಗಿನ ಹಸಿ ವಾಸನೆ. ನಾಲ್ಕನೇ ಜ್ವರ ಎಂಬ ಕೊನೆಯ ಪೊರೆ ಕಳಚುವ ಹಂತ ಕಳೆದು ಹುಳ ಸೊಪ್ಪಿನ ಮೇಲೆ ಬಿದ್ದು ತಿನ್ನುವ ದಿನಗಳಲ್ಲಿ ಅದು ಇನ್ನೂ ಗಾಢವಾಗಿರುತ್ತದೆ. ನಾನು ಮೋರಿ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ನನ್ನ ಶಿಷ್ಯೆ ಯಶೋದಾ ಪರದೇಶಕ್ಕೆ ಹೋಗಿ ಸೈಕಲ್ ತುಳಿದ ಆ ಆಷಾಢ ನೆನಪಾಗಿತ್ತು.

ಆ ಸ್ಕೂಲಿನಲ್ಲಿ ನಾನು ಹನ್ನೊಂದು ವರ್ಷ ಪಿಟಿ ಮೇಷ್ಟ್ರಾಗಿದ್ದೆ. ಪಿಟಿ ಮೇಷ್ಟ್ರಿಗೆ ಸ್ಕೂಲಿನಲ್ಲಿ ಇರುವ ಮರ್ಯಾದೆ ಅಷ್ಟಕ್ಕಷ್ಟೇ. ಗಣಿತದವರು ರಜೆ ಹಾಕಿದರೆ ಕ್ಲಾಸು ಸುಮ್ಮನಿರಿಸಲು ನಾವು ಬೇಕು, ದೊಡ್ಡವರು ಯಾರಾದರೂ ಬಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ನಾವು ಬೇಕು. ಉಳಿದಂತೆ ನಮ್ಮ ಸೀಟಿ, ನಮ್ಮ ಚೆಂಡು, ನಮ್ಮ ಬಿಸಿಲು. ಅದಕ್ಕೇ ಏನೋ ನನಗೆ ಮುಂಗೋಪ ಜಾಸ್ತಿ. ಆದರೆ ಒಂದು ವಿಷಯದಲ್ಲಿ ಜಂಬವಿತ್ತು: ಅಳತೆ. ನಾನು ನೂರು ಮೀಟರ್ ಎಂದರೆ ಅದು ನೂರೇ ಇರುತ್ತಿತ್ತು. ಬೇರೆ ಸ್ಕೂಲಿನವರು ಹೆಜ್ಜೆ ಹಾಕಿ ಅಂದಾಜಿಗೆ ಗೆರೆ ಎಳೆಯುವುದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಯಶೋದಾ ಚಿಕ್ಕಮುನಿಯಪ್ಪನವರ ಮಗಳು. ಅವರಿಗೆ ಒಂದೂವರೆ ಎಕರೆ ಸೊಪ್ಪಿನ ತೋಟ, ಅಷ್ಟೇ ರಾಗಿ ಹೊಲ, ಮನೆ ಹಿಂದೆ ಶೀಟು ಹಾಕಿದ ಹುಳದ ಮನೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವಳು ಬೆಳಗ್ಗೆ ಸ್ಕೂಲಿಗೆ ಮುಂಚೆ ಅಪ್ಪನ ಕಬ್ಬಿಣದ ಸೈಕಲ್ಲಿನ ಹಿಂದೆ ಸೊಪ್ಪಿನ ಹೊರೆ ಕಟ್ಟಿಕೊಂಡು ಬರುತ್ತಿದ್ದಳು. ಬಾಡಿದ ಸೊಪ್ಪನ್ನು ಹುಳ ಮೂಸಿಯೂ ನೋಡುವುದಿಲ್ಲ, ಆದ್ದರಿಂದ ತುಳಿಯುವುದು ಜೋರು. ಒಂದು ದಿನ ನನ್ನ ಮೊಪೆಡ್ಡಿನಲ್ಲಿ ಅವಳ ಹಿಂದೆ ಬಿದ್ದೆ. ಕೆರೆ ಕಟ್ಟೆ ಮುಗಿಯುವ ತನಕ ದಾಟಲು ಆಗಲಿಲ್ಲ. ಹೊರೆ ಸಮೇತ! ಸ್ಕೂಲಿಗೆ ಬಂದವನೇ ಅವಳನ್ನು ಕರೆಸಿ, "ನಾಳೆಯಿಂದ ಸಂಜೆ ನಿಲ್ಬೇಕು" ಎಂದೆ.

"ಯಾಕ್ ಸಾ, ನಾನೇನ್ ಮಾಡ್ದೆ?" ಎಂದಳು. ಪಿಟಿ ಮೇಷ್ಟ್ರು ಕರೆದರೆ ಶಿಕ್ಷೆಗೇ ಎಂದು ಮಕ್ಕಳಿಗೆ ಖಾತ್ರಿ.

ಆ ಊರಿನಲ್ಲಿ ಟಾರು ಕಿತ್ತುಹೋಗದ ರಸ್ತೆ ಎಂದರೆ ಕೆರೆ ಕಟ್ಟೆಯಿಂದ ಹಾಲಿನ ಡೈರಿವರೆಗಿನದು ಒಂದೇ. ಟೇಪು ಹಿಡಿದು ಅಳೆದೆ. ಕಟ್ಟೆಯ ಕೊನೆಯ ಕಲ್ಲಿನಿಂದ ಡೈರಿ ಮುಂದಿನ ಹಂಪಿನವರೆಗೆ, ಅಂದರೆ ರಸ್ತೆಯ ಉಬ್ಬಿನವರೆಗೆ, ಸರಿಯಾಗಿ ಐನೂರು ಮೀಟರ್. ಒಂದಡಿ ಹೆಚ್ಚಿಲ್ಲ, ಒಂದಡಿ ಕಡಿಮೆಯಿಲ್ಲ. ಹುಡುಗಿಯರ ಟೈಮ್ ಟ್ರಯಲ್ ಎಂಬ ಓಟ ಇರುವುದೂ ಐನೂರು ಮೀಟರೇ. ನಿಂತಲ್ಲಿಂದ ಹೊರಟು ಒಬ್ಬಳೇ ತುಳಿಯಬೇಕು, ಯಾರ ಗಡಿಯಾರ ಕಡಿಮೆ ತೋರಿಸುತ್ತದೋ ಅವಳು ಗೆದ್ದಳು. ದೇವರೇ ನನಗಾಗಿ ರಸ್ತೆ ಅಳೆದಿಟ್ಟಿದ್ದಾನೆ ಎನಿಸಿತು. ಹಂಪಿಗೆ ಅಂಟಿಕೊಂಡಂತೆ ಸುಣ್ಣದ ಗೆರೆ ಎಳೆದೆ.

ಹಂಪಿನಾಚೆ ಸಂಜೆ ಹಾಲು ಹಾಕುವ ಹೆಂಗಸರ ಸಾಲು, ಕ್ಯಾನು, ಕರು. ಮೊದಲ ವಾರವೇ ಯಶೋದಾ ಆ ವೇಗದಲ್ಲಿ ಹಂಪು ಹಾರಿ ಬಿದ್ದು ಮೊಣಕಾಲು ತರಚಿಕೊಂಡಳು, ಒಬ್ಬ ಅಜ್ಜಿಯ ಹಾಲೆಲ್ಲ ಚೆಲ್ಲಿತು. ಅಜ್ಜಿ ತೆಲುಗಿನಲ್ಲಿ ನನ್ನ ವಂಶವನ್ನೆಲ್ಲ ಜಾಲಾಡಿದರು. ಬೇರೆಯವರಾಗಿದ್ದರೆ ಗೆರೆಯನ್ನು ಮೂವತ್ತು ಹೆಜ್ಜೆ ಹಿಂದಕ್ಕೆ ಎಳೆದು ಸುಮ್ಮನಾಗುತ್ತಿದ್ದರು. ನನಗೆ ನನ್ನ ಐನೂರು ಮೀಟರ್ ಐನೂರೇ ಇರಬೇಕಿತ್ತು. ಹಾಗಾಗಿ ಹುಡುಗಿಗೆ ಹೇಳಿಕೊಟ್ಟೆ: "ಗೆರೆ ಇನ್ನ ಹತ್ತು ಹೆಜ್ಜೆ ಇದೆ ಅನ್ನೋವಾಗ್ಲೇ ಬೆನ್ನು ಎತ್ಬೇಕು, ಕಾಲು ಸಡ್ಲ ಮಾಡ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತು ಸಾ."

ಎರಡು ವರ್ಷ, ಸಂಜೆಗೆ ಆರು ಸಲ, ಅವಳು ಹಾಗೇ ಮಾಡಿದಳು. ನಾನು ಪಕ್ಕದಲ್ಲಿ ನಿಂತು ಗಡಿಯಾರ ಒತ್ತಿ "ಭೇಷ್" ಎನ್ನುತ್ತಿದ್ದೆ.

ಜಿಲ್ಲೆಯಲ್ಲಿ ಗೆದ್ದಳು. ಯಾರದೋ ಸೈಕಲ್ ಕೇಳಿ ತಂದು ರಾಜ್ಯದಲ್ಲೂ ಗೆದ್ದಳು. ಅಲ್ಲೆಲ್ಲ ಮಿಕ್ಕವರಿಗಿಂತ ಎಷ್ಟೋ ಮುಂದಿರುತ್ತಿದ್ದುದರಿಂದ ಕೊನೆಯ ಹತ್ತು ಹೆಜ್ಜೆ ಯಾರ ಕಣ್ಣಿಗೂ ಬೀಳಲಿಲ್ಲ. ಪಿಯುಸಿ ಮೊದಲ ವರ್ಷಕ್ಕೆ ದೆಹಲಿಯ ಕ್ಯಾಂಪಿನಿಂದ ಕರೆ ಬಂತು. ಅಲ್ಲಿ ಓಡಿಸುವುದು ಮರದ ಹಲಗೆ ಹಾಸಿದ ಟ್ರ್ಯಾಕಿನಲ್ಲಿ. ತಿರುವಿನಲ್ಲಿ ಅದು ಗೋಡೆಯಂತೆ ಎದ್ದು ನಿಂತಿರುತ್ತದೆ. ಸೈಕಲ್ಲಿಗೆ ಬ್ರೇಕ್ ಇಲ್ಲ, ಚಕ್ರ ತಿರುಗುವಷ್ಟು ಹೊತ್ತು ಕಾಲೂ ತಿರುಗಲೇಬೇಕು. "ಮೊದ್ಲ ದಿನ ಪ್ರಾಣವೇ ಬಾಯಿಗೆ ಬಂದಿತ್ತು ಸಾ. ಈಗ ಮಜಾ ಐತೆ" ಎಂದು ಫೋನಿನಲ್ಲಿ ನಗುತ್ತಿದ್ದಳು. ಕೋಚ್ ಮೇಡಂ ಒಳ್ಳೆಯವರು, ರೊಟ್ಟಿ ತಿಂದು ತಿಂದು ಬೇಜಾರು, ಮುದ್ದೆ ಕನಸಿನಲ್ಲಿ ಬರುತ್ತದೆ ಎಂದೂ ಹೇಳುತ್ತಿದ್ದಳು.

ಮರುವರ್ಷ ಮುಂಗಾರು ಹೊತ್ತಿಗೆ ಸರಿಯಾಗಿ ಬಂದಿತ್ತು. ರಾಗಿ ಬಿತ್ತನೆ ಮುಗಿಸಿ ಜನ ಸ್ವಲ್ಪ ಉಸಿರು ಬಿಡುತ್ತಿದ್ದಾಗ ಸುದ್ದಿ ಬಂತು: ಏಷ್ಯಾ ದೇಶಗಳ ಜೂನಿಯರ್ ಹುಡುಗ ಹುಡುಗಿಯರ ಟ್ರ್ಯಾಕ್ ಸೈಕಲ್ ಪಂದ್ಯಕ್ಕೆ ಯಶೋದಾಳನ್ನು ಆರಿಸಿದ್ದಾರೆ. ಪಂದ್ಯ ನಡೆಯುವ ಊರಿನ ಹೆಸರು ಬಾಯಿಗೆ ಹತ್ತಲು ನನಗೇ ಮೂರು ದಿನ ಬೇಕಾಯಿತು. ಹೊರಡುವ ಮುಂಚೆ ಅವಳು ಫೋನ್ ಮಾಡಿದಳು. ಆವತ್ತು ನಗಲಿಲ್ಲ.

"ಸಾ, ಮುಂದಿನ ವರ್ಷಕ್ಕೆ ಕ್ಯಾಂಪಲ್ಲಿ ಸೀಟು ಕಮ್ಮಿ ಮಾಡ್ತಾರಂತೆ. ಮೆಡಲ್ ತಂದೋರು ಉಳ್ಕೋತಾರೆ. ಮಿಕ್ಕೋರ್ನ ಕಮಿಟಿ ಕೂತು ನೋಡ್ತಾರಂತೆ."

"ನೋಡ್ತಾರೆ ಅಂದ್ರೆ?"

"ಮನೆಗೆ ಕಳಿಸ್ತಾರೆ ಸಾ."

"ನೀನು ತುಳಿಯೋದು ತುಳಿ. ಮಿಕ್ಕಿದ್ದು ಆಮೇಲೆ" ಎಂದೆ. ಬೇರೆ ಏನು ಹೇಳಲಿ?

ಓಟದ ದಿನಕ್ಕೆ ಸರಿಯಾಗಿ ಅವರ ಮನೆಯಲ್ಲಿ ಹುಳ ನಾಲ್ಕನೇ ಜ್ವರ ದಾಟಿ ತಿನ್ನಲು ಕೂತಿತ್ತು. ಆ ಒಂದು ವಾರ ಹುಳದ ಮನೆಯವರು ಸತ್ತರೂ ಹೊರಗೆ ಬರುವ ಹಾಗಿಲ್ಲ. ಬೇರೆಯವರು ಒಳಗೆ ಹೋಗುವ ಹಾಗೂ ಇಲ್ಲ, ಎಲ್ಲಿಂದ ಯಾವ ರೋಗ ಹೊತ್ತು ತರುತ್ತೇವೋ ಎಂದು. ಯಶೋದಾಳ ತಾಯಿ ವೆಂಕಟಮ್ಮ ಕಿಟಕಿಯ ಜಾಲರಿಯ ಹಿಂದೆ ನಿಂತು, "ಸಾ, ನೀವ್ ನೋಡ್ಬಂದು ಇಲ್ಲೇ ಹೇಳ್ಬಿಡಿ. ನಮ್ ಕೈಯಲ್ಲಿ ಏನೈತೆ" ಎಂದರು. ಅವರ ಎರಡು ಕೈಯಲ್ಲೂ ಸೊಪ್ಪಿತ್ತು.

ಸಂಜೆ ಐದೂವರೆ. ಹಾಲಿನ ಹೊತ್ತು. ಊರಿನಲ್ಲಿ ನೆಟ್ ಸರಿಯಾಗಿ ಬರುವುದು ಡೈರಿಯ ಕಂಪ್ಯೂಟರಿಗೆ ಮಾತ್ರ, ಹಾಲಿನ ಲೆಕ್ಕ ಹೋಗುವುದು ಅದರಲ್ಲೇ. ಸೆಕ್ರೆಟರಿ ಶ್ರೀರಾಮಪ್ಪ ಕೋಚ್ ಮೇಡಂ ಕಳಿಸಿದ್ದ ಪುಟವನ್ನು ತೆರೆದಿಟ್ಟು, ಒಂದು ಕೈಯಲ್ಲಿ ಹಾಲು ಅಳೆಯುತ್ತಾ ಇನ್ನೊಂದು ಕೈಯಲ್ಲಿ ಕೀ ಒತ್ತುತ್ತಿದ್ದ. ಓಟ ಕಾಣುವುದಿಲ್ಲ. ಹೆಸರು, ದೇಶ, ಅಂಕಿ, ಅಷ್ಟೇ. ಹದಿನಾಲ್ಕು ಹುಡುಗಿಯರು, ಒಬ್ಬೊಬ್ಬರಾಗಿ ತುಳಿಯುತ್ತಾರೆ. ನಮ್ಮವಳು ಒಂಬತ್ತನೆಯವಳು. ಕ್ಯಾನು ಹಿಡಿದವರೆಲ್ಲ ಬಾಗಿಲಲ್ಲಿ ಮುತ್ತಿಕೊಂಡಿದ್ದರು. ಚಿಕ್ಕಮುನಿಯಪ್ಪನವರು ಮಾತ್ರ ಜನರನ್ನು ಮುಟ್ಟದೆ ರಸ್ತೆಯಾಚೆ, ಮನೆಯಿಂದ ಹತ್ತು ನಿಮಿಷಕ್ಕೆಂದು ತಪ್ಪಿಸಿಕೊಂಡು ಬಂದವರಂತೆ ನಿಂತಿದ್ದರು.

ಶ್ರೀರಾಮಪ್ಪ ಕೀ ಒತ್ತಿದ. ಪಟ್ಟಿಯ ತಲೆಯಲ್ಲಿ ಯಶೋದಾಳ ಹೆಸರು ಬಂತು. ಒಂದು!

ಡೈರಿ ಅದುರಿಹೋಯಿತು. ಯಾರೋ ಸೀಟಿ ಹೊಡೆದರು. ಹಾಲು ಚೆಲ್ಲಿಸಿಕೊಂಡಿದ್ದ ಅದೇ ಅಜ್ಜಿ ನನ್ನ ತೋಳು ಹಿಡಿದು, "ಏಮಿ ಸಾ, ಮೆಡಲ್ ವಚ್ಚೇಸಿಂದಾ?" ಎಂದು ಕೇಳಿದರು.

"ಇನ್ನೂ ಬಂದಿಲ್ಲಮ್ಮ. ಐದು ಜನ ಬಾಕಿ ಇದಾರೆ" ಎಂದೆ. ಆ ಮಾತು ಹೇಳುವಾಗಲೇ ನನಗೆ ಅರ್ಥವಾದದ್ದು. ಅವಳ ಓಟ ಮುಗಿದುಹೋಗಿದೆ. ಇನ್ನು ಅವಳು ಏನು ಮಾಡಿದರೂ ಆ ಅಂಕಿ ಬದಲಾಗುವುದಿಲ್ಲ. ಮೇಲೆ ಹೋಗಲು ಜಾಗವಿಲ್ಲ, ಇಳಿಯಲು ಮಾತ್ರ ಜಾಗವಿದೆ. ಅಲ್ಲಿ ಅವಳೂ ಟವಲ್ ಹೊದ್ದು ಕೂತು ಇದೇ ಪಟ್ಟಿಯನ್ನು ನೋಡುತ್ತಿರಬೇಕು.

ಹತ್ತನೆಯವಳು ನಿಧಾನ. ನಮ್ಮವಳು ಹಾಗೇ ಉಳಿದಳು. ಹನ್ನೊಂದನೆಯವಳು, ಕೊರಿಯಾದ ಹುಡುಗಿ, ಮೇಲೆ ಬಂದಳು. ಎರಡು. "ಪರ್ವಾಗಿಲ್ಲ, ಬೆಳ್ಳಿ" ಎಂದ ಶ್ರೀರಾಮಪ್ಪ. ಹನ್ನೆರಡನೆಯವಳು ಕೆಳಗೆ ಹೋದಳು. ಹದಿಮೂರನೆಯವಳು ಜಪಾನಿನವಳು, ಮೇಲೆ ಬಂದಳು. ಮೂರು. ಸಾಲಿನಲ್ಲಿದ್ದ ಒಬ್ಬ ಹೆಂಗಸು ಕೈ ಮುಗಿದುಕೊಂಡಿದ್ದಳು. ನಾನು ಬಾಕಿಯಿದ್ದ ಆ ಕೊನೆಯ ಪರದೇಶದ ಹುಡುಗಿ, ಮುಖ ನೋಡದ ಹುಡುಗಿ, ಹೊರಡುವಾಗ ಕಾಲು ಜಾರಲಿ ಎಂದು ಬಯಸಿದೆ. ಎಲ್ಲ ಸ್ಕೂಲು ಸೇರಿ ಮೂವತ್ತು ವರ್ಷ ಮಕ್ಕಳಿಗೆ ಆಟದ ನೀತಿ ಹೇಳಿಕೊಟ್ಟ ಬಾಯಿ ಇದು, ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಶ್ರೀರಾಮಪ್ಪ ಕೀ ಒತ್ತಿದ. ಪುಟ ಬರಲಿಲ್ಲ. ಮತ್ತೆ ಒತ್ತಿದ. ಬಂತು. ಮೂರನೆಯ ಸಾಲಿನಲ್ಲಿ ಕಜಕಸ್ತಾನದ ಹುಡುಗಿ. ಅದರ ಕೆಳಗೆ ಯಶೋದಾ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಒಂದು ಸೆಕೆಂಡಿನ ನೂರು ಪಾಲಿನಲ್ಲಿ ಮೂರು ಪಾಲು.

"ಅಷ್ಟೇನಾ?" ಎಂದ ಶ್ರೀರಾಮಪ್ಪ. "ಇಷ್ಟಕ್ಕೆಲ್ಲ ಹಿಂದೆ ಅಂತಾರಾ ಸಾ? ಇದು ಅನ್ಯಾಯ ಅಲ್ವಾ?" ಅವನು ಇನ್ನೂ ನಾಲ್ಕು ಸಲ ಕೀ ಒತ್ತಿದ. ಪಟ್ಟಿ ಹಾಗೇ ಇತ್ತು. ಆಮೇಲೆ ಪುಟ ಮುಚ್ಚಿ, ಮುಂದಿನವರ ಹಾಲು ಅಳೆಯಲು ಶುರು ಮಾಡಿದ. ರಸ್ತೆಯಾಚೆ ನೋಡಿದೆ. ಚಿಕ್ಕಮುನಿಯಪ್ಪನವರು ಜನರ ಮುಖ ನೋಡಿಯೇ ತಿಳಿದುಕೊಂಡು ಆಗಲೇ ಮನೆ ಕಡೆ ಹೊರಟಿದ್ದರು.

ಕಿಟಕಿಯ ಹತ್ತಿರ ಹೋಗಿ ನಿಂತೆ. ಒಳಗೆ ಹುಳ ಸೊಪ್ಪು ತಿನ್ನುವ ಸದ್ದು.

"ನಾಕನೇದು ಅಂದ್ರೆ ಏನೂ ಕೊಡಲ್ವಾ ಸಾ?" ಎಂದರು ವೆಂಕಟಮ್ಮ.

"ಇಲ್ಲಮ್ಮ. ಮೂರು ಜನಕ್ಕೆ ಮಾತ್ರ."

"ಅಷ್ಟು ದೂರ ಹೋಗಿದ್ಳು" ಎಂದು ಹೇಳಿ, ಅವರು ಮತ್ತೆ ಸೊಪ್ಪು ಹರಡಲು ತಿರುಗಿದರು.

ಎರಡು ದಿನದ ಮೇಲೆ ಕೋಚ್ ಮೇಡಂ ಓಟದ ವಿಡಿಯೋ ಕಳಿಸಿದರು. ಜೊತೆಗೆ ಎರಡೇ ಸಾಲು: ಕೊನೆಯಲ್ಲಿ ಯಾಕೆ ಹೀಗೆ ಮಾಡುತ್ತಾಳೆ, ನಿಮಗೇನಾದರೂ ಗೊತ್ತೇ? ಅಭ್ಯಾಸದಲ್ಲಿ ತಿದ್ದಿದರೆ ಸರಿಯಾಗುತ್ತಾಳೆ, ಪಂದ್ಯದಲ್ಲಿ ಮೈಮರೆತಾಗ ಮತ್ತೆ ಬರುತ್ತದೆ.

ಸ್ಟಾಫ್ ರೂಮಿನಲ್ಲಿ ಕೂತು ನೋಡಿದೆ. ಎಷ್ಟು ಚೆನ್ನಾಗಿ ತುಳಿದಿದ್ದಳು! ಬೆನ್ನು ಮಟ್ಟಸವಾಗಿ ಹಾಸಿದಂತೆ, ತಲೆ ಅಲುಗದೆ, ತಿರುವಿನಲ್ಲಿ ಟ್ರ್ಯಾಕಿನ ಒಳಅಂಚಿನ ಕಪ್ಪು ಗೆರೆಯನ್ನು ಬಿಡದೆ. ಓಟ ಮುಗಿಯುವ ಗೆರೆ ಹತ್ತಿರ ಬಂತು. ಹತ್ತು ಹೆಜ್ಜೆ ಇದ್ದಾಗ ಅವಳ ಬೆನ್ನು ಎದ್ದಿತು, ಕಾಲು ಸಡಿಲವಾಯಿತು. ಎದುರಿಗೆ ಹಂಪಿರಲಿಲ್ಲ, ಕ್ಯಾನಿರಲಿಲ್ಲ, ಕರುವಿರಲಿಲ್ಲ. ಖಾಲಿ ಹಲಗೆ ಇತ್ತು. ವಿಡಿಯೋ ಮತ್ತೆ ಹಾಕಿದೆ, ಮತ್ತೆ ಹಾಕಿದೆ. ಪ್ರತಿ ಸಲವೂ ಅವಳು ನಾನು ಹೇಳಿಕೊಟ್ಟ ಜಾಗದಲ್ಲೇ ಬೆನ್ನು ಎತ್ತಿದಳು. ಅಳತೆ ಒಂದಡಿಯೂ ತಪ್ಪಿರಲಿಲ್ಲ.

ಫೋನ್ ಮಾಡಲು ನಾನು ಒಂದು ದಿನ ತಡ ಮಾಡಿದೆ. ಯಾಕೆ ಎಂದರೆ ಹೇಳಲು ಕಾರಣವಿಲ್ಲ. ನಾಚಿಕೆ, ಅಷ್ಟೇ. ಮಾರನೆಯ ಸಂಜೆ ನನ್ನ ಹರಕು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಹಂಪು, ಡೈರಿ, ಸುಣ್ಣದ ಗೆರೆ, ಅಜ್ಜಿಯ ಹಾಲು. ತಪ್ಪು ನನ್ನದು, ಹುಡುಗಿಯದಲ್ಲ, ಮೂರು ತಿಂಗಳು ಕೊಟ್ಟರೆ ಆ ಚಾಳಿ ಹೋಗುತ್ತದೆ ಎಂದೆ.

ಮೇಡಂ ಮೆಲ್ಲಗೆ ಹೇಳಿದರು: ಕಮಿಟಿ ಇವತ್ತು ಬೆಳಗ್ಗೆಯೇ ಕೂತಿತ್ತು. ನಾನೂ ಯಶೋದಾಳನ್ನು ಇದನ್ನೇ ಕೇಳಿದೆ, ನಿನಗೆ ಯಾರಾದರೂ ಹೀಗೆ ತಪ್ಪು ಕಲಿಸಿದರೇ ಎಂದು. ಕಲಿಸಿದ್ದಾದರೆ ಬಿಡಿಸಬಹುದು ಎಂದು ಅವರನ್ನು ಒಪ್ಪಿಸುತ್ತಿದ್ದೆ. ಅವಳೇ ಇಲ್ಲ ಎಂದಳು. ಮೇಷ್ಟ್ರು ಸರಿಯಾಗೇ ಕಲಿಸಿದ್ದಾರೆ, ವೇಗ ಕಂಡರೆ ನನಗೇ ಕೊನೆಯಲ್ಲಿ ಭಯವಾಗುತ್ತದೆ ಎಂದು ಬರೆದು ಸಹಿ ಹಾಕಿದ್ದಾಳೆ. ಬ್ರೇಕ್ ಇಲ್ಲದ ಸೈಕಲ್ಲಿನಲ್ಲಿ ಭಯಪಡುವವಳನ್ನು ಯಾರು ಇಟ್ಟುಕೊಳ್ಳುತ್ತಾರೆ?

"ಅದು ಸುಳ್ಳು ಮೇಡಂ. ಅವಳಿಗೆ ಭಯವೇ ಇಲ್ಲ" ಎಂದೆ.

ಅವರು ನೊಂದುಕೊಂಡೇ ಹೇಳಿದರು: ಶಿಷ್ಯೆಯ ಮೇಲಿನ ಪ್ರೀತಿಗೆ ನೀವು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಳ್ಳುತ್ತಿದ್ದೀರಿ ಸರ್. ಒಳ್ಳೆಯ ಗುರುಗಳು ಎಲ್ಲರೂ ಹೀಗೇ ಮಾಡುತ್ತಾರೆ.

ಒಳ್ಳೆಯ ಗುರು! ಫೋನ್ ಹಿಡಿದು ಕೂತೇ ಇದ್ದೆ. ಕಾಗದ ಬರೆದೆ, ರಸ್ತೆಯ ಫೋಟೋ ತೆಗೆದು ಕಳಿಸಿದೆ, ಟೇಪು ಹಿಡಿದು ಹಂಪಿನ ಪಕ್ಕ ನಿಂತು ಶ್ರೀರಾಮಪ್ಪನ ಕೈಯಲ್ಲಿ ಫೋಟೋ ತೆಗೆಸಿದೆ. ಉತ್ತರ ಬರಲಿಲ್ಲ. ಮುಂದಿನ ವರ್ಷದ ಹೆಸರುಗಳ ಪಟ್ಟಿ ಬಂತು, ಅದರಲ್ಲಿ ಯಶೋದಾ ಇರಲಿಲ್ಲ.

ಅವಳು ಮನೆಗೆ ಬಂದಾಗ ಹುಳ ತಿನ್ನುವುದು ಬಿಟ್ಟು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರಿನ ತಟ್ಟೆಯ ಮೇಲೆ ಗೂಡು ಕಟ್ಟಿ ಮುಗಿದಿತ್ತು. ಈಗ ಯಾರು ಬೇಕಾದರೂ ಒಳಗೆ ಹೋಗಬಹುದು. ನಾನು ಹೋದಾಗ ಅವಳು ಜಗುಲಿಯ ಮೇಲೆ ಬಿದಿರಿನ ಚಂದ್ರಿಕೆಯನ್ನು ಮುಂದಿಟ್ಟುಕೊಂಡು ಒಂದೊಂದೇ ಗೂಡು ಬಿಡಿಸಿ ಕುಕ್ಕೆಗೆ ಹಾಕುತ್ತಿದ್ದಳು. ಹೊರಗೆ ಸೋನೆ ಹಿಡಿದಿತ್ತು. ಅವಳ ತೊಡೆಗಳು ದಪ್ಪವಾಗಿದ್ದವು, ಮುಖ ಇಳಿದಿತ್ತು. ಎದ್ದು ನಿಂತು "ಬನ್ನಿ ಸಾ" ಎಂದಳು. ವೆಂಕಟಮ್ಮ ಟೀ ಇಡಲು ಒಳಗೆ ಹೋದರು. ನಾನು ಪಕ್ಕದಲ್ಲಿ ಕೂತು ನಾಲ್ಕು ಗೂಡು ಬಿಡಿಸಿದೆ. ಐದನೆಯದನ್ನು ಹಿಡಿದು ಕೇಳಿದೆ.

"ಯಾಕಮ್ಮಾ ಭಯ ಅಂತ ಬರ್ಕೊಟ್ಟೆ?"

ಅವಳು ಇನ್ನೊಂದು ಗೂಡು ಬಿಡಿಸಿ ಕುಕ್ಕೆಗೆ ಹಾಕಿದಳು.

"ಅದು ಡೈರಿ ಹತ್ರ ನಾನೇ ಕಲ್ಸಿದ್ದು ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಸಾ. ವಿಡಿಯೋ ನೋಡಿದ್ ತಕ್ಷಣ ಗೊತ್ತಾಯ್ತು."

"ಗೊತ್ತಿದ್ದೂ? ಹೇಳಿದ್ರೆ ಉಳ್ಕೋತಿದ್ದೆ ಕಣೇ!" ನನ್ನ ಹಾಳು ಮುಂಗೋಪ ಅಲ್ಲೂ ಬಂತು.

ಅವಳ ಕೈ ನಿಲ್ಲಲಿಲ್ಲ. ಗೂಡಿನ ಮೇಲಿನ ನೂಲಿನ ಎಳೆಗಳನ್ನು ಸುತ್ತಿ ತೆಗೆಯುತ್ತಾ ಹೇಳಿದಳು: "ಅಲ್ಲಿ ಏಳೆಂಟ್ ಜನ ಕೂತಿದ್ರು ಸಾ. ಒಬ್ರು ಕೇಳಿದ್ರು, ಯಾವನಮ್ಮ ನಿಂಗೆ ಹೇಳ್ಕೊಟ್ಟ ದಡ್ಡ ಅಂತ. ಎಲ್ರೂ ನಕ್ಬಿಟ್ರು. ಅಷ್ಟು ಜನದ ಮುಂದೆ ನಿಮ್ಮನ್ನ ಬಿಟ್ಕೊಡಕ್ಕಾಗುತ್ತಾ? ನನ್ ಕೈಯಲ್ಲಿ ಆಗ್ಲಿಲ್ಲ."

ಬಿಟ್ಟುಕೊಡಬೇಕಿತ್ತು, ದಡ್ಡನನ್ನು ದಡ್ಡ ಅನ್ನಬೇಕಿತ್ತು, ಅವರ ಜೊತೆ ನೀನೂ ನಗಬೇಕಿತ್ತು ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಓಟ ಮುಗಿಸಿ ಬಂದು ಗಡಿಯಾರ ಎಷ್ಟು ತೋರಿಸಿತು ಎಂದು ಕೇಳಲು ನಿಲ್ಲುತ್ತಿದ್ದ ಹಾಗೆ. ಅಷ್ಟು ದೂರದಿಂದ ಬರಿಗೈಯಲ್ಲಿ ಬಂದವಳು ಅದೊಂದನ್ನು ಮಾತ್ರ ಸರಿಯಾಗಿ ಮಾಡಿದ್ದೇನೆ ಎಂದು ನಂಬಿಕೊಂಡಿದ್ದಳು.

"ಒಳ್ಳೇ ಕೆಲ್ಸ ಮಾಡ್ದೆ ಕಣಮ್ಮಾ" ಎಂದೆ.

ಊರಿಗೆ ಬಂದ ಮೇಲೆ ಅವಳು ಮೊದಲ ಸಲ ನಕ್ಕದ್ದು ಆಗಲೇ ಎಂದು ವೆಂಕಟಮ್ಮ ಟೀ ಲೋಟ ಕೊಡುತ್ತಾ ಹೇಳಿದರು.